ಒಂದು ಕ್ಷಣ ತಡವಾಗಿ ಬಂದ ನಗು

ಶಾಲೆ ಬಿಡುವ ಹೊತ್ತು. ನಾನು ಗೇಟಿನ ಹೊರಗೆ ನಿಂತಿದ್ದೆ. ಮಗ ತನ್ನ ಕ್ಲಾಸಿನ ಐದಾರು ಹುಡುಗರ ಜೊತೆ ಮಾತಾಡುತ್ತಾ ಬರುತ್ತಿದ್ದ. ಅವರಲ್ಲೊಬ್ಬ ನಡುವೆ ನಿಂತು, ಕೈ ಎತ್ತಿ, ಯಾವುದೋ ವಿಡಿಯೋದ ಒಂದು ಮಾತನ್ನು ಅರ್ಧ ಹೇಳಿದ. ಅರ್ಧವೇ ಸಾಕಾಯಿತು. ಉಳಿದವರು ಬಿದ್ದು ಬಿದ್ದು ನಕ್ಕರು. ಹಿಂದಿನ ರಾತ್ರಿ ಅವರ ಗ್ರೂಪಿನಲ್ಲಿ ಓಡಾಡಿದ ವಿಡಿಯೋ ಅದು ಅಂತ ಆಮೇಲೆ ಗೊತ್ತಾಯಿತು. ನನ್ನ ಮಗನೂ ನಕ್ಕ. ಆದರೆ ಮೊದಲು ಎಡಗಡೆ ಇದ್ದವನ ಮುಖ ನೋಡಿದ, ಆಮೇಲೆ ಬಲಗಡೆ ಇದ್ದವನ ಮುಖ ನೋಡಿದ, ಆಮೇಲೆ ನಕ್ಕ. ಒಂದೇ ಒಂದು ಕ್ಷಣ ತಡ. ಬೇರೆ ಯಾರಿಗೂ ಅದು ಕಂಡಿರಲಿಕ್ಕಿಲ್ಲ. ಅವನ ನಗು ಹೇಗಿರುತ್ತದೆ ಅಂತ ನನಗೆ ಗೊತ್ತು. ಹೊಟ್ಟೆಯಿಂದ ಬರುತ್ತದೆ, ಭುಜ ಎರಡೂ ಕುಣಿಯುತ್ತವೆ. ಅವತ್ತು ಭುಜ ಅಲುಗಲಿಲ್ಲ.

ಅವನಿಗೆ ಹತ್ತು ವರ್ಷ. ಸ್ಮಾರ್ಟ್‌ಫೋನ್ ಕೊಡಿಸಿಲ್ಲ. ಈಗಲೇ ಕೊಡಿಸುವ ಮನಸ್ಸೂ ಇಲ್ಲ. ಯಾಕೆ ಅಂತ ಈ ಬರಹ ಓದುವವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ನಿದ್ದೆ, ಓದು, ಅಪರಿಚಿತರು, ನೋಡಬಾರದ್ದು ಕಣ್ಣಿಗೆ ಬೀಳೋದು, ಎಲ್ಲ ನಿಮಗೂ ಗೊತ್ತು. ಆ ರಾತ್ರಿ ನನಗೆ ನಿದ್ದೆ ಹತ್ತದೇ ಇದ್ದದ್ದು ಬೇರೆ ಕಾರಣಕ್ಕೆ. ಫೋನ್ ಕೊಟ್ಟರೆ ಆಗುವ ಕೆಡುಕಿನ ಬಗ್ಗೆ ನಾನು ಬೇಕಾದಷ್ಟು ಓದಿದ್ದೆ. ಕೊಡದೇ ಇದ್ದರೆ ಮಗುವಿಗೆ ಆಗುವ ನೋವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆ ನೋವನ್ನು ಕೊಡುತ್ತಿರುವವಳು ನಾನೇ. ನನ್ನ ಒಳ್ಳೆಯ ಉದ್ದೇಶದಿಂದ ಅವನ ಆ ಒಂದು ಕ್ಷಣ ಏನೂ ಕಡಿಮೆ ಆಗುವುದಿಲ್ಲ.

ಒತ್ತಡ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಯಾರೂ ಬಂದು ‘ಮಗುವಿಗೆ ಫೋನ್ ಕೊಡಿಸು’ ಅಂತ ಜೋರು ಮಾಡಿಲ್ಲ. ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅದು ತುಂಬಾ ಮೆತ್ತಗೆ ಬರುತ್ತದೆ. ಆಟದ ಕೋಚ್ ‘ಪ್ರಾಕ್ಟೀಸ್ ಟೈಮ್ ಬದಲಾಗಿದೆ, ಮಕ್ಕಳ ಗ್ರೂಪಿನಲ್ಲಿ ಹಾಕಿದ್ದೆನಲ್ಲ’ ಅನ್ನುತ್ತಾರೆ. ಪ್ರಾಜೆಕ್ಟ್ ಮಾಡಬೇಕಾದ ನಾಲ್ಕು ಮಕ್ಕಳಲ್ಲಿ ಮೂವರು ರಾತ್ರಿಯೇ ಮಾತಾಡಿ ಕೆಲಸ ಹಂಚಿಕೊಂಡಿರುತ್ತಾರೆ, ನಾಲ್ಕನೆಯವನಿಗೆ ಉಳಿದದ್ದು ಸಿಗುತ್ತದೆ. ಪರಿಚಯದವರು ‘ಕಾಲ ಬದಲಾಗಿದೆ ಅಲ್ವಾ’ ಅಂತ ನಗುತ್ತಾ ಹೇಳುತ್ತಾರೆ. ನನ್ನ ಅಕ್ಕ ಒಂದೇ ಪದ ಹೇಳಿದಳು. ಅವಳ ಮಕ್ಕಳಿಬ್ಬರೂ ತಮ್ಮ ತಮ್ಮ ಫೋನ್ ಹಿಡಿದು ಕೂತಿದ್ದರು. ನನ್ನ ಮಗ ಸೋಫಾದ ಹಿಂದೆ ನಿಂತು ಅವರ ಹೆಗಲ ಮೇಲಿಂದ ಇಣುಕುತ್ತಿದ್ದ. ಅಕ್ಕ ಅವನನ್ನು ನೋಡಿ ‘ಪಾಪ ಕಣೇ’ ಅಂದಳು. ಅಷ್ಟೇ. ‘ಪಾಪ’ ಅನ್ನೋ ಮಾತಿಗೆ ಏನು ಉತ್ತರ ಕೊಡೋದು? ಅದರಲ್ಲಿ ಬೈಗುಳ ಇಲ್ಲ, ಪ್ರೀತಿಯೇ ಇದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಪದ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಹೊರಡುವಾಗ ಅಕ್ಕ ಇನ್ನೊಂದು ಮಾತು ಹೇಳಿದ್ದಳು. ‘13 ತುಂಬಿದ ಮೇಲಾದ್ರೂ ಕೊಡಿಸ್ತೀಯಾ ತಾನೇ? ಆ ಆ್ಯಪ್‌ಗಳೇ 13 ಅಂತ ಹೇಳ್ತವಲ್ಲ.’ ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಮಕ್ಕಳ ಮನಸ್ಸನ್ನು ಬಲ್ಲ ಡಾಕ್ಟರುಗಳು ಕೂತು ಯೋಚಿಸಿ 13 ಅಂತ ಗೊತ್ತು ಮಾಡಿರಬೇಕು ಅಂತ. ನಿಜ ಬೇರೆ. 1998ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ವೆಬ್‌ಸೈಟುಗಳು ಸಂಗ್ರಹಿಸಬಾರದು ಅನ್ನೋದು ಅದರ ಸಾರ. ಈಗಿನಂಥ ಸ್ಮಾರ್ಟ್‌ಫೋನ್ ಇಲ್ಲದ ಕಾಲ ಅದು. ಮೊದಲ ಐಫೋನ್ ಬಂದದ್ದು 2007ರಲ್ಲಿ. ಆ ಒಪ್ಪಿಗೆ ಪಡೆಯುವ ತಲೆನೋವು ಬೇಡ ಅಂತ ಕಂಪನಿಗಳು 13ಕ್ಕಿಂತ ಚಿಕ್ಕವರಿಗೆ ಖಾತೆ ಇಲ್ಲ ಅಂತ ಬರೆದುಕೊಂಡವು. ಅದು ಮಾಹಿತಿ ಸಂಗ್ರಹದ ಲೆಕ್ಕ. ಮಗು ಯಾವಾಗ ಇದಕ್ಕೆ ಸಿದ್ಧವಾಗುತ್ತದೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಈಗ ಲೋಕದ ಎಷ್ಟೋ ಮನೆಗಳಲ್ಲಿ ಅದೇ ಸಂಖ್ಯೆ ‘ವಯಸ್ಸಾಯಿತು’ ಅನ್ನುವ ಗುರುತಾಗಿದೆ.

32ರಲ್ಲಿ 11

‘ಎಲ್ಲರ ಹತ್ರಾನೂ ಇದೆ ಅಮ್ಮಾ.’ ಈ ಮಾತು ಕೇಳದ ಅಪ್ಪ ಅಮ್ಮ ಇರಲಿಕ್ಕಿಲ್ಲ. ಒಂದು ಭಾನುವಾರ ನಾನು ಅವನ ಪಕ್ಕ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕೂತೆ. ‘ಸರಿ, ಬರಿ. ಯಾರ್ಯಾರ ಹತ್ರ ಇದೆ?’ ಅವನನ್ನು ಸೋಲಿಸಬೇಕು ಅಂತಲೇ ಕೂತಿದ್ದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವನು ಸರಸರ ಅಂತ ಏಳು ಹೆಸರು ಬರೆದ. ಆಮೇಲೆ ನಿಧಾನವಾದ. ಪೆನ್ಸಿಲಿನ ತುದಿ ಕಚ್ಚಿಕೊಂಡ. ಇನ್ನೂ ನಾಲ್ಕು ಹೆಸರು ಬಂದವು. ಕ್ಲಾಸಿನಲ್ಲಿ 32 ಮಕ್ಕಳು, ಸ್ವಂತ ಫೋನ್ ಇರುವವರು 11. ‘ನೋಡು, 21 ಜನರ ಹತ್ರ ಇಲ್ಲ’ ಅಂದೆ. ಗೆದ್ದೆ ಅಂದುಕೊಂಡಿದ್ದೆ.

ಅವನು ಹಾಳೆಯನ್ನೇ ನೋಡುತ್ತಾ ಹೇಳಿದ. ‘ಆದ್ರೆ ಮಾತಾಡೋರು ಇವ್ರೇ ಅಮ್ಮಾ.’

ನನಗೆ ಮುಂದೆ ಮಾತು ಹೊರಡಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬೆಳಗ್ಗೆ ಕ್ಲಾಸಿಗೆ ಬಂದ ಕೂಡಲೇ ಜೋರಾಗಿ ಮಾತಾಡುವವರು ಆ 11 ಮಕ್ಕಳು. ನಿನ್ನೆ ರಾತ್ರಿಯ ಸುದ್ದಿ ಅವರ ಬಳಿ ಇದೆ, ಅಡ್ಡಹೆಸರುಗಳನ್ನು ಇಡುವವರು ಅವರು, ಯಾವುದು ನಗುವ ವಿಷಯ ಅಂತ ಗೊತ್ತುಮಾಡುವವರೂ ಅವರೇ. ಉಳಿದ 21 ಮಕ್ಕಳು ಒಬ್ಬೊಬ್ಬರೇ, ತಾನೊಬ್ಬನೇ ಹೊರಗಿದ್ದೇನೆ ಅಂದುಕೊಂಡು ಸುಮ್ಮನೆ ಕೂತಿರುತ್ತಾರೆ. ಫೋನ್ ಇಲ್ಲದವರಿಗೆ ಒಂದು ಗ್ರೂಪ್ ಇರುವುದಿಲ್ಲವಲ್ಲ. ನೋಡಿದರೆ ದೊಡ್ಡವರಾದ ನಮ್ಮಲ್ಲೂ ಹೀಗೇ. ಕೊಡಿಸಿದವರ ಮನೆಯ ಸುದ್ದಿ ನಮಗೆ ತಲುಪುತ್ತದೆ. ಕೊಡಿಸದವರು ಅದನ್ನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಹೇಳಿದರೆ ಕೊಡಿಸಿದವರನ್ನು ಕೆಟ್ಟವರು ಅಂದ ಹಾಗೆ ಕೇಳಿಸೀತು ಅನ್ನುವ ಸಂಕೋಚ.

1931ರಲ್ಲಿ ಡೇನಿಯಲ್ ಕ್ಯಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥದ್ದೇ ಒಂದು ಸ್ಥಿತಿಗೆ ಹೆಸರು ಕೊಟ್ಟರು. ಗುಂಪಿನಲ್ಲಿ ಹೆಚ್ಚಿನವರಿಗೆ ಒಂದು ರೂಢಿ ಒಳಗೊಳಗೇ ಇಷ್ಟವಿರುವುದಿಲ್ಲ. ಆದರೆ ಬೇರೆಯವರೆಲ್ಲ ಅದನ್ನು ಒಪ್ಪಿದ್ದಾರೆ ಅಂತ ಪ್ರತಿಯೊಬ್ಬರೂ ನಂಬಿರುತ್ತಾರೆ. ಹಾಗಾಗಿ ಬಾಯಿ ಬಿಡುವುದಿಲ್ಲ, ಆ ರೂಢಿ ಹಾಗೇ ಮುಂದುವರಿಯುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ಪೋಷಕರ ಸಭೆ ನೆನಪಾಯಿತು. ನಲವತ್ತು ಜನ ಕೂತಿದ್ದೆವು. ‘ನಮಗೂ ಇದು ಬೇಡ ಅನ್ನಿಸುತ್ತೆ’ ಅಂತ ಒಬ್ಬರೂ ಎದ್ದು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ತಾಯಿ ಹೇಳಿದ್ದು

ಆ ಸಭೆ ಮುಗಿದು ಹೊರಗೆ ಬರುವಾಗ ಮಗನ ಗೆಳೆಯನೊಬ್ಬನ ತಾಯಿ ನನ್ನ ಜೊತೆ ನಡೆಯುತ್ತಾ ಬಂದರು. ನಮಗಿಬ್ಬರಿಗೂ ಅಷ್ಟೇನೂ ಸಲಿಗೆ ಇರಲಿಲ್ಲ, ‘ಚೆನ್ನಾಗಿದ್ದೀರಾ’ ಅನ್ನುವಷ್ಟು ಮಾತ್ರ. ಅವರ ಮಗನ ಹೆಸರು ನನ್ನ ಮಗ ಬರೆದ ಹಾಳೆಯಲ್ಲಿತ್ತು, ಒಂಬತ್ತನೆಯದು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ‘ನೀವು ಫೋನ್ ಕೊಡಿಸಿದ್ದೀರಂತೆ. ಹೇಗನ್ನಿಸ್ತಿದೆ?’

ಅವರು ತಕ್ಷಣ ಉತ್ತರ ಕೊಡಲಿಲ್ಲ. ಬ್ಯಾಗಿನ ಜಿಪ್ ಎಳೆದರು, ಮತ್ತೆ ತೆಗೆದರು. ‘ಬೇಜಾರು ಮಾಡ್ಕೋಬೇಡಿ, ನಿಜ ಹೇಳ್ತೀನಿ. ನಂಗೆ ಇಷ್ಟ ಇರ್ಲಿಲ್ಲ. ಇವರಪ್ಪನಿಗಂತೂ ಸುತರಾಂ ಇರ್ಲಿಲ್ಲ. ನಿಮ್ಮ ಮನೇಲಿ ಕೊಡಿಸ್ತಿಲ್ಲ ಅಂತ ಧೈರ್ಯವಾಗಿದ್ದೆ. ಆಮೇಲೆ ನಿಮ್ಮವನಿಗೂ ರಜೆಯಲ್ಲಿ ಕೊಡಿಸ್ತಾರಂತೆ ಅಂತ ನನ್ನ ಮಗ ಹೇಳಿದ. ಇನ್ನು ಇವನೊಬ್ಬನೇ ಉಳಿದುಬಿಡ್ತಾನಲ್ಲ ಅಂತ ಹೆದರಿಕೆ ಆಯ್ತು.’

ನನಗೆ ಒಂದು ನಿಮಿಷ ಅರ್ಥವೇ ಆಗಲಿಲ್ಲ. ‘ನಾವು ಕೊಡಿಸ್ತೀವಿ ಅಂತ ಯಾರು ಹೇಳಿದ್ದು?’

‘ನಿಮ್ಮ ಮಗನೇ ಹೇಳಿದ್ನಂತೆ.’

ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತುಬಿಟ್ಟೆವು. ಅವರ ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ ಹೇಳಲಾರೆ. ಫೋನ್ ಬಂದ ಮೇಲೆ ಅವರ ಹುಡುಗ ಊಟದ ಹೊತ್ತಿಗೆ ಕೂಗಿದರೂ ಬರುತ್ತಿಲ್ಲವಂತೆ. ಯಾರೋ ಅವನನ್ನು ಗ್ರೂಪಿನಿಂದ ತೆಗೆದರು ಅಂತ ಒಂದು ರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತನಂತೆ. ಬೆಳಗ್ಗೆ ಮತ್ತೆ ಸೇರಿಸಿಕೊಂಡಿದ್ದರಂತೆ, ತಮಾಷೆಗೆ ಮಾಡಿದ್ದಂತೆ. ‘ಹೊರಗೆ ಉಳೀಬಾರ್ದು ಅಂತ ಕೊಡಿಸಿದ್ದು ನೋಡಿ’ ಅಂದರು. ಆ ವಾಕ್ಯವನ್ನು ಅವರು ಮುಗಿಸಲಿಲ್ಲ.

ರಾತ್ರಿ ಮಗನನ್ನು ಕೇಳಿದೆ. ಬೈಯಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಕೇಳಿದೆ. ಅವನ ಮುಖ ಸಣ್ಣದಾಯಿತು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಹೇಳಿದ, ‘ಹಾಗೆ ಹೇಳಿದ್ರೆ ಸ್ವಲ್ಪ ದಿನ ಯಾರೂ ಕೇಳಲ್ಲ ಅಮ್ಮಾ.’

ಹತ್ತು ವರ್ಷದ ಮಗು ನಾಲ್ಕು ದಿನದ ನೆಮ್ಮದಿಗಾಗಿ ಒಂದು ಸಣ್ಣ ಸುಳ್ಳು ಹೇಳಿತು. ಆ ಸುಳ್ಳು ಇನ್ನೊಂದು ಮನೆಗೆ ಹೋಗಿ ನಿಜವಾಯಿತು. ಆ ಮನೆಯ ಹುಡುಗ ಹಾಳೆಯಲ್ಲಿ ಒಂಬತ್ತನೆಯ ಹೆಸರಾದ. ಆ ಹೆಸರನ್ನು ನನಗೇ ತೋರಿಸಿ ನನ್ನ ಮಗ ‘ಎಲ್ಲರ ಹತ್ರಾನೂ ಇದೆ’ ಅಂದ. ಇಷ್ಟು ದಿನ ನಾನು ಒತ್ತಡ ಹೊರಗಿನಿಂದ ಬರುತ್ತದೆ, ನಾನು ಅದನ್ನು ತಡೆದುಕೊಂಡು ನಿಂತಿದ್ದೇನೆ ಅಂದುಕೊಂಡಿದ್ದೆ. ಆ ತಾಯಿಯ ಮನೆಯಲ್ಲಿ ‘ಎಲ್ಲರೂ’ ಅಂದರೆ ನಾನು. ನನ್ನ ಮನೆಯಲ್ಲಿ ‘ಎಲ್ಲರೂ’ ಅಂದರೆ ಆಕೆ. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡಿದ್ದೆವು, ಇಬ್ಬರಿಗೂ ಬೇಡವಾಗಿತ್ತು. ಎರಡು ತಿಂಗಳ ಮೊದಲು ಒಂದು ಸಲ ಮಾತಾಡಿದ್ದರೆ ಸಾಕಿತ್ತು.

ಇದು ನಮ್ಮಿಬ್ಬರ ಕತೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. 2023ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳಿದರು. ನೀನೊಬ್ಬನೇ ನಾಲ್ಕು ವಾರ ಟಿಕ್‌ಟಾಕ್ ಅಥವಾ ಇನ್‌ಸ್ಟಾಗ್ರಾಂ ಬಿಡಬೇಕಾದರೆ ಎಷ್ಟು ಹಣ ಕೊಡಬೇಕು? ಸರಾಸರಿ ನೋಡಿದರೆ ಅವರು ಒಳ್ಳೆಯ ಮೊತ್ತವನ್ನೇ ಕೇಳಿದರು. ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿದರು. ನಿನ್ನ ಕಾಲೇಜಿನವರೆಲ್ಲರೂ ಒಟ್ಟಿಗೆ ಬಿಡುವುದಾದರೆ? ಆಗ ಸರಾಸರಿ ಲೆಕ್ಕದಲ್ಲಿ ಅವರು ಹಣ ಕೇಳುವ ಬದಲು ತಾವೇ ಕೈಯಿಂದ ಕೊಡಲು ತಯಾರಿದ್ದರು. ಇಷ್ಟವಿದೆ ಅಂತ ಅವರು ಅದರಲ್ಲಿರಲಿಲ್ಲ. ಬೇರೆಯವರು ಇದ್ದಾರೆ ಅಂತ ಇದ್ದರು. ವಯಸ್ಸಿಗೆ ಬಂದವರ ಪಾಡೇ ಹೀಗಾದರೆ ಐದನೇ ಕ್ಲಾಸಿನ ಮಗು ಒಂಟಿಯಾಗಿ ಹೇಗೆ ನಿಂತೀತು?

ಒಬ್ಬರಿಂದ ಆಗದ್ದು

ಅದಕ್ಕೇ ‘ಅಪ್ಪ ಅಮ್ಮ ಗಟ್ಟಿಯಾಗಿರಬೇಕು’ ಅನ್ನುವ ಉಪದೇಶ ಕೇಳಿದರೆ ನನಗೆ ಸಂಕಟವಾಗುತ್ತದೆ. ನಾನು ಗಟ್ಟಿಯಾಗಿದ್ದೆ. ನನ್ನ ಗಟ್ಟಿತನದ ಬೆಲೆಯನ್ನು ಗೇಟಿನ ಹತ್ತಿರ ನನ್ನ ಮಗ ಕೊಡುತ್ತಿದ್ದ. ಇನ್ನೊಂದು ಮಾತನ್ನೂ ಹೇಳಲೇಬೇಕು. ಕೊಡಿಸಿದವರನ್ನು ತೂಗಿ ನೋಡುವ ಹಕ್ಕು ನನಗಿಲ್ಲ. ಅಪ್ಪ ಒಂದು ಕಡೆ ಅಮ್ಮ ಒಂದು ಕಡೆ ಇರುವ ಮಗುವಿಗೆ ದಿನಾ ವಿಡಿಯೋ ಕಾಲ್ ಬೇಕು. ಮಾತು ಬಾರದ ಮಗುವಿಗೆ ಆ ಸ್ಕ್ರೀನಿನ ಚಿತ್ರಗಳೇ ಬಾಯಿ. ಎರಡು ಪಾಳಿ ದುಡಿದು ಬರುವ ತಾಯಿಗೆ ಅಡುಗೆ ಮಾಡುವ ಅರ್ಧ ಗಂಟೆ ಮಗು ಸುಮ್ಮನಿದ್ದರೆ ಸಾಕು. ಮೂರು ವರ್ಷದವನಿದ್ದಾಗ ನನ್ನ ಮಗನಿಗೂ ನಾನು ಜ್ವರದಲ್ಲಿ ಮಲಗಿಕೊಂಡೇ ನನ್ನ ಫೋನ್ ಕೊಟ್ಟಿದ್ದೆ. ಮೂರು ಗಂಟೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಗೊತ್ತಿದ್ದರೂ ಅವತ್ತು ಬೇರೆ ದಾರಿ ಇರಲಿಲ್ಲ.

ಕೆಲವು ಕಡೆ ಜನ ಬೇರೆ ರೀತಿ ಯೋಚಿಸಿದ್ದಾರೆ. ಐರ್ಲೆಂಡಿನ ಗ್ರೇಸ್ಟೋನ್ಸ್ ಅನ್ನುವ ಪಟ್ಟಣದಲ್ಲಿ 2023ರಲ್ಲಿ 8 ಪ್ರಾಥಮಿಕ ಶಾಲೆಗಳ ಪೋಷಕರು ಒಟ್ಟಾಗಿ, ಮಕ್ಕಳು ಪ್ರೌಢಶಾಲೆಗೆ ಹೋಗುವವರೆಗೂ ಸ್ಮಾರ್ಟ್‌ಫೋನ್ ಕೊಡುವುದು ಬೇಡ ಅಂತ ಮಾತಾಡಿಕೊಂಡರು. ಕಾನೂನಿಲ್ಲ, ದಂಡವಿಲ್ಲ, ಇಷ್ಟವಿದ್ದವರು ಸೇರಬಹುದು. ಬ್ರಿಟನ್ನಿನಲ್ಲಿ 2024ರ ಫೆಬ್ರವರಿಯಲ್ಲಿ ಇಬ್ಬರು ತಾಯಂದಿರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳಲು ಶುರು ಮಾಡಿದ ವಾಟ್ಸಾಪ್ ಗ್ರೂಪ್ ಕೆಲವೇ ದಿನಗಳಲ್ಲಿ ಸಾವಿರಾರು ಜನರಾಗಿ ಬೆಳೆಯಿತು. ಅಷ್ಟು ಜನ ಅಲ್ಲಿಯವರೆಗೆ ಎಲ್ಲಿದ್ದರು? ತಮ್ಮ ತಮ್ಮ ಮನೆಯಲ್ಲಿ, ತಾನೊಬ್ಬಳೇ ಅಂದುಕೊಂಡು ಕೂತಿದ್ದರು. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಅಮೆರಿಕದಲ್ಲಿ 2017ರಲ್ಲಿ ಶುರುವಾದ ಒಂದು ಪ್ರತಿಜ್ಞೆ. ಎಂಟನೇ ತರಗತಿಯವರೆಗೆ ಸ್ಮಾರ್ಟ್‌ಫೋನ್ ಬೇಡ ಅಂತ ಅದರಲ್ಲಿ ಸಹಿ ಹಾಕುತ್ತಾರೆ. ಆದರೆ ಒಂದೇ ಶಾಲೆಯ ಒಂದೇ ತರಗತಿಯ 10 ಮನೆಯವರು ಸಹಿ ಹಾಕಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಯಾವ ಮಗುವೂ ಒಂಟಿಯಾಗಿ ನಿಲ್ಲಬಾರದು ಅನ್ನೋದು ಅದರ ಒಳಗಿನ ತಿಳಿವಳಿಕೆ. ಇದನ್ನು ಯೋಚಿಸಿದವರು ಯಾರೋ ಒಂದು ಮಗುವಿನ ತಡವಾದ ನಗು ನೋಡಿರಬೇಕು ಅಂತ ನನಗನ್ನಿಸಿತು.

ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ ಅಂತ 2024ರ ನವೆಂಬರಿನಲ್ಲಿ ಕಾನೂನು ಮಾಡಿತು, 2025ರ ಡಿಸೆಂಬರ್ 10ರಿಂದ ಅದು ಜಾರಿಗೆ ಬಂತು. ತಪ್ಪಿದರೆ ದಂಡ ಕಂಪನಿಗೆ, ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಮಕ್ಕಳು ಇದಕ್ಕೂ ಕಳ್ಳದಾರಿ ಹುಡುಕುತ್ತಾರೆ, ಅದು ಬೇರೆ ಮಾತು. ‘ಬೇಡ’ ಅನ್ನುವ ಪದವನ್ನು ಒಂದು ದೇಶ ತಾಯಿಯ ಬಾಯಿಂದ ತೆಗೆದು ತನ್ನ ಮೇಲೆ ಹಾಕಿಕೊಂಡಿತಲ್ಲ, ಆ ಹಗುರವನ್ನು ನಾನು ಊಹಿಸಬಲ್ಲೆ.

ನಮ್ಮದು ಅಷ್ಟು ದೊಡ್ಡ ಕೆಲಸವೇನೂ ಆಗಲಿಲ್ಲ. ಆ ತಾಯಿ ಮತ್ತು ನಾನು ಸೇರಿ ಹಾಳೆಯಲ್ಲಿ ಹೆಸರಿಲ್ಲದ ಮಕ್ಕಳ ಮನೆಗಳಿಗೆ ಒಂದೊಂದಾಗಿ ಮಾತಾಡಿದೆವು. ಮೊದಲ ಫೋನ್ ಮಾಡುವಾಗ ನನ್ನ ಕೈ ಬೆವತಿತ್ತು. ಆದರೆ ಮಾತು ಶುರುವಾದರೆ ಸಾಕು, ಆ ಕಡೆಯವರು ‘ಅಬ್ಬಾ, ನೀವೂ ಹಾಗೇ ಅಂದ್ಕೊಂಡಿದ್ದೀರಾ’ ಅನ್ನುತ್ತಿದ್ದರು. ಎಲ್ಲರೂ ಅಲ್ಲ. ಒಬ್ಬರು ‘ನಮ್ಮ ಮಗು ನಮಗೆ ಬಿಡಿ’ ಅಂತ ಫೋನ್ ಇಟ್ಟರು. ಕೊನೆಗೆ ಆರು ಮನೆಯವರು ಒಪ್ಪಿದೆವು. ಕರೆ ಮಾಡಲು ಮಕ್ಕಳಿಗೆ ಕೀಪ್ಯಾಡ್ ಫೋನ್ ಸಾಕು, ಅದೂ ಮನೆಯಲ್ಲಿ ಒಂದು ಜಾಗದಲ್ಲಿರಬೇಕು. ಒಂಬತ್ತನೆಯ ಹೆಸರಿನ ಹುಡುಗನ ಫೋನನ್ನು ಅವನ ತಾಯಿ ವಾಪಸ್ ತೆಗೆದುಕೊಂಡರು. ಕೊಟ್ಟದ್ದನ್ನು ಕಿತ್ತುಕೊಳ್ಳೋದು ಕೊಡದೇ ಇರುವುದಕ್ಕಿಂತ ಎಷ್ಟು ಕಷ್ಟ ಅಂತ ಅವರನ್ನು ಕೇಳಿದರೆ ಹೇಳುತ್ತಾರೆ. ಹತ್ತು ದಿನ ಆ ಹುಡುಗ ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಗೇಟಿನ ಹತ್ತಿರ ನನ್ನ ಮಗ ಈಗಲೂ ಕೆಲವು ಸಲ ತಡವಾಗಿ ನಗುತ್ತಾನೆ. ಅದು ಹೋಗಿಲ್ಲ. ಆದರೆ ಈಗ ಅವನ ಪಕ್ಕದಲ್ಲಿ ನಿಂತಿರುವ ಇನ್ನೂ ಒಂದಿಬ್ಬರು ತಡವಾಗಿ ನಗುತ್ತಾರೆ, ಕೆಲವು ಸಲ ನಗುವುದೇ ಇಲ್ಲ, ‘ಏನದು?’ ಅಂತ ಕೇಳಿಬಿಡುತ್ತಾರೆ.

ಹೋದ ವಾರ ಆ ಆರು ಮನೆಗಳಲ್ಲಿ ಒಂದು ಮನೆಯವರು ಹಿಂದೆ ಸರಿದರು. ಹುಡುಗಿಯ ತಂದೆ ಸಂಜೆ ನನಗೆ ಫೋನ್ ಮಾಡಿದರು. ಕೆಲಸದ ಮೇಲೆ ಅವರು ತಿಂಗಳುಗಟ್ಟಲೆ ದೂರ ಹೋಗುವ ಹಾಗಾಗಿದೆ. ‘ನಾಳೆ ಇವಳು ಶಾಲೆಯಲ್ಲಿ ಹೇಳ್ತಾಳೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಮಾಡಿದೆ’ ಅಂದರು. ನನಗೆ ಬೇಸರವಾಯಿತು, ಅವರ ಮೇಲೆ ಗೌರವವೂ ಬಂತು. ಮಗನಿಗೆ ಹೇಳಿದೆ. ಅವನು ತನ್ನ ಹಳೆಯ ಹಾಳೆಯನ್ನು ಪುಸ್ತಕಗಳ ನಡುವಿನಿಂದ ಎಳೆದು ತೆಗೆದ. ಹೊಡೆದುಹಾಕಿದ್ದ ಒಂಬತ್ತನೆಯ ಹೆಸರಿನ ಪಕ್ಕದಲ್ಲಿ ಇವಳ ಹೆಸರು ಬರೆದ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತ.

‘ಇನ್ಮೇಲೆ ಅವಳು ಶನಿವಾರ ಆಡೋಕೆ ಬರ್ತಾಳಾ ಅಮ್ಮಾ?’

‘ಗೊತ್ತಿಲ್ಲ ಕಣೋ. ಕೇಳು.’

ಅವನು ಎದ್ದು ಹೋಗಿ ಕೀಪ್ಯಾಡ್ ಫೋನ್ ತೆಗೆದುಕೊಂಡ. ನಂಬರ್ ಅವನಿಗೆ ಬಾಯಿಪಾಠ ಆಗಿತ್ತು. ಒಂದೊಂದೇ ಅಂಕಿ ಒತ್ತಿ, ಫೋನನ್ನು ಕಿವಿಗೆ ಹಿಡಿದು, ರಿಂಗ್ ಆಗುವುದನ್ನು ಕೇಳುತ್ತಾ ನಿಂತ.